ಸಮುದ್ರ ಎಷ್ಟು ದೂರ, ಧರೆ ಎಷ್ಟು ಹತ್ತಿರ?

ಓದುಗರ ಪ್ರಶ್ನೆಗೆ ಉತ್ತರ: ಮನೆ ವಿಮೆ

ಈ ಸಲ ಬಂದ ಪತ್ರಗಳಲ್ಲಿ ಒಂದು ಉಳ್ಳಾಲದ ಕಡಲ ಬದಿಯ ಮನೆಯದು. ಒಂದು ಹೊಸನಗರದ ಧರೆಯದು, ಅಂದರೆ ಮನೆ ಹಿಂದೆ ಗುಡ್ಡ ಕಡಿದಾಗ ನೇರಕ್ಕೆ ನಿಲ್ಲುವ ಮಣ್ಣಿನ ಗೋಡೆಯದು. ಒಂದು ನಮ್ಮ ಶಿವಮೊಗ್ಗದ ತುಂಗೆಯದು. ಮೂರರಲ್ಲೂ ಕಾಣುವ ಚಿಂತೆ ಒಂದೇ. ವಿಮೆಗೆ ಇಷ್ಟು ದುಡ್ಡು ಯಾಕೆ, ಕೊಟ್ಟರೆ ಕಷ್ಟಕ್ಕೆ ಆಗುತ್ತದಾ? ನಾನು ವಿಮಾ ಕಚೇರಿಯ ಕ್ಲೇಮ್ ವಿಭಾಗದಲ್ಲಿ 29 ವರ್ಷ ಕೆಲಸ ಮಾಡಿದವಳು. 11 ವರ್ಷ ಮಂಗಳೂರಿನಲ್ಲಿ, ಉಳಿದದ್ದು ಶಿವಮೊಗ್ಗದಲ್ಲಿ. ಬಿದ್ದ ಮನೆಗಳನ್ನು ಹೋಗಿ ನೋಡುವುದೇ ನನ್ನ ಕೆಲಸವಾಗಿತ್ತು. ಹಾಗಾಗಿ ನೀವು ದರದ ಬಗ್ಗೆ ಕೇಳಿದರೂ ನಾನು ಕ್ಲೇಮಿನ ಮಾತಿಗೆ ಬಂದೇ ಬರುತ್ತೇನೆ.

ಪ್ರಶ್ನೆ: ಮೇಡಂ, ನಾನು ನಿವೃತ್ತ ಶಿಕ್ಷಕ. ಊರಿನಲ್ಲಿ 2 ಎಕರೆ ಅಡಿಕೆ ತೋಟ ಇದೆ. ಮಗ ಮಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಉಳ್ಳಾಲದ ಕಡೆ 6 ಸೆಂಟ್ಸ್ ಜಾಗದ ಮನೆಯೊಂದನ್ನು ಸಾಲ ಮಾಡಿ 78 ಲಕ್ಷಕ್ಕೆ ಕೊಂಡ. ಸಮುದ್ರ ಅರ್ಧ ಕಿಲೋಮೀಟರ್ ಕೂಡ ಇಲ್ಲ. ಬ್ಯಾಂಕಿನವರು ಪೂರಾ 78 ಲಕ್ಷಕ್ಕೆ ವಿಮೆ ಮಾಡಿಸಿ ಎಂದು ಚೀಟಿ ಕೊಟ್ಟಿದ್ದಾರೆ. ಊರಿನ ಮನೆಗೆ ನಾನು ಕಟ್ಟುವುದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಸಮುದ್ರ ಹತ್ತಿರ ಅನ್ನುವುದೇ ಕಾರಣವಾ? ಕಡಿಮೆ ಮಾಡಿಸಲು ದಾರಿ ಇದೆಯಾ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಮೇಷ್ಟ್ರೇ, ಸಮುದ್ರದ ವಿಚಾರಕ್ಕೆ ಆಮೇಲೆ ಬರೋಣ. ಮೊದಲು ಆ 78 ಲಕ್ಷ ನೋಡೋಣ. ನಿಮ್ಮ ಮಗ ಜಾಸ್ತಿ ಕಟ್ಟುವಂತಾಗಿರುವುದಕ್ಕೆ ದೊಡ್ಡ ಕಾರಣ ಅಲ್ಲೇ ಇದೆ.

78 ಲಕ್ಷದಲ್ಲಿ 6 ಸೆಂಟ್ಸ್ ಜಾಗದ ಬೆಲೆಯೂ ಸೇರಿದೆ. ಮನೆ ವಿಮೆ ಇರುವುದು ಕಟ್ಟಡಕ್ಕೆ, ಜಾಗಕ್ಕಲ್ಲ. ಮನೆ ಪೂರ್ತಿ ಬಿದ್ದುಹೋದರೂ ಕಂಪನಿ ಕೊಡುವುದು ಅದೇ ಮನೆಯನ್ನು ಮತ್ತೆ ಕಟ್ಟುವ ಖರ್ಚನ್ನು. ಮಂಗಳೂರಿನ ಸುತ್ತಮುತ್ತ ಜಾಗದ ಬೆಲೆ ನಮ್ಮ ಕಡೆಗಿಂತ ಎಷ್ಟು ಏರಿದೆ ಎಂದು ನಿಮಗೇ ಗೊತ್ತು. ಆ ಏರಿಕೆಗೂ ಪ್ರೀಮಿಯಂ ಕಟ್ಟಿದರೆ ಅದು ಸುಮ್ನೆ ಹೋಗುವ ದುಡ್ಡು.

ಲೆಕ್ಕ ಹೀಗೆ ಮಾಡಿ. ಮನೆಯ ಕಾರ್ಪೆಟ್ ಏರಿಯಾ ಅಂದರೆ ಗೋಡೆಯ ಒಳಗಿನ ನೆಲ ಎಷ್ಟು ಚದರ ಮೀಟರ್ ನೋಡಿ. ಅದನ್ನು ಇವತ್ತು ಆ ಊರಿನಲ್ಲಿ ಚದರ ಮೀಟರಿಗೆ ಬೀಳುವ ಕಟ್ಟುವ ಖರ್ಚಿನಿಂದ ಗುಣಿಸಿ. 130 ಚದರ ಮೀಟರ್ ಇದೆ, ಮೀಟರಿಗೆ 24,000 ರೂಪಾಯಿ ಬೀಳುತ್ತದೆ ಅಂತಿಟ್ಟುಕೊಳ್ಳಿ. 31 ಲಕ್ಷ 20 ಸಾವಿರ ಆಯಿತು. ಕಾಂಪೌಂಡು, ಗೇಟು, ನೀರಿನ ಸಂಪು, ಸೆಪ್ಟಿಕ್ ಟ್ಯಾಂಕು, ಸೋಲಾರ್ ಎಲ್ಲ ಸೇರಿಸಿ 3 ಲಕ್ಷ 80 ಸಾವಿರ ಹಿಡಿಯಿರಿ. ಒಟ್ಟು 35 ಲಕ್ಷ. ವಿಮೆ ಬೇಕಾಗಿರುವುದು ಇಷ್ಟಕ್ಕೆ. ದರ ಸಾವಿರಕ್ಕೆ 40 ಪೈಸೆ ಅಂದುಕೊಂಡರೆ 78 ಲಕ್ಷಕ್ಕೆ 3,120 ರೂಪಾಯಿ, 35 ಲಕ್ಷಕ್ಕೆ 1,400 ರೂಪಾಯಿ. ಇದರ ಮೇಲೆ ಶೇ. 18 ಜಿಎಸ್‌ಟಿ. (40 ಪೈಸೆ ಲೆಕ್ಕ ತೋರಿಸಲು ನಾನು ಹಿಡಿದದ್ದು, ಯಾವ ಕಂಪನಿಯ ದರವೂ ಅಲ್ಲ.) ಮಗನ ಮನೆಯ ನಿಜವಾದ ಅಳತೆ ಹಾಕಿ ಇದನ್ನೇ ಒಂದು ಹಾಳೆಯಲ್ಲಿ ಬರೆದು ಬ್ಯಾಂಕಿಗೆ ಕೊಡಿ.

ಹಾಗೆಯೇ ಆ ಚೀಟಿಯನ್ನು ಇನ್ನೊಮ್ಮೆ ನಿಧಾನ ಓದಿ. ಗೃಹಸಾಲದ ಜೊತೆ ಕೊಡುವ ವಿಮೆಯಲ್ಲಿ ಎಷ್ಟೋ ಸಲ ಸಾಲಗಾರನ ಜೀವ ವಿಮೆಯೂ ಸೇರಿರುತ್ತದೆ. ಮಗನಿಗೆ ಏನಾದರೂ ಆದರೆ ಸಾಲ ತೀರಿಸುವ ವಿಮೆ ಅದು. ಕೆಟ್ಟದ್ದೇನಲ್ಲ. ಆದರೆ ಅದಕ್ಕೂ ಗೋಡೆ ಬೀಳುವುದಕ್ಕೂ ಸಂಬಂಧ ಇಲ್ಲ. ಎರಡರ ಪ್ರೀಮಿಯಂ ಬೇರೆ ಬೇರೆ ತೋರಿಸಿ ಎಂದು ಕೇಳಿ. ಕೇಳುವುದು ನಿಮ್ಮ ಹಕ್ಕು.

ಈಗ ಸಮುದ್ರ. 2007ಕ್ಕಿಂತ ಮೊದಲು ಮನೆ ವಿಮೆಯೂ ಸೇರುವ ಬೆಂಕಿ ವಿಮೆಯ ದರ ಇಡೀ ದೇಶಕ್ಕೆ ಒಂದೇ ಪಟ್ಟಿಯಲ್ಲಿ ಇರುತ್ತಿತ್ತು. ನಾವು ಪಟ್ಟಿ ನೋಡಿ ದರ ಬರೆಯುತ್ತಿದ್ದೆವು, ಅಷ್ಟೇ. ಆ ವರ್ಷದ ಜನವರಿಯಿಂದ ಪಟ್ಟಿ ಹೋಯಿತು. ಈಗ ಒಂದೊಂದು ಕಂಪನಿಯದು ಒಂದೊಂದು ದರ. ಬೆಂಕಿಗೆ ಒಂದು ಪಾಲು, ಬಿರುಗಾಳಿ ಮತ್ತು ನೆರೆಗೆ ಒಂದು ಪಾಲು, ಭೂಕಂಪಕ್ಕೆ ಆ ಜಾಗ ಯಾವ ವಲಯದಲ್ಲಿದೆ ನೋಡಿ ಒಂದು ಪಾಲು. ಇವೆಲ್ಲ ಕೂಡಿ ದರ ಆಗುತ್ತದೆ. ಕಡಲ ಬದಿಯ ಮನೆಗೆ ಎರಡನೇ ಪಾಲಿನ ಮೇಲೆ ಕಂಪನಿಯವರ ಕಣ್ಣು ಹೆಚ್ಚು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಗೆ ಬಂದು ಹೊಡೆಯಲಿಲ್ಲ. ದೂರದಲ್ಲೇ ಸಾಗಿ ಗುಜರಾತಿನಲ್ಲಿ ದಡ ಸೇರಿತು. ಆದರೂ ಉಳ್ಳಾಲ, ಸೋಮೇಶ್ವರದಲ್ಲಿ ಅಲೆಗಳು ಮನೆ ಬಾಗಿಲಿಗೆ ಬಂದವು. ಇಂಥದ್ದನ್ನೆಲ್ಲ ಕಂಪನಿಗಳು ಮರೆಯುವುದಿಲ್ಲ.

ಉಳ್ಳಾಲಕ್ಕೆ ಒಂದು ಕಡೆ ಕಡಲು, ಇನ್ನೊಂದು ಕಡೆ ನೇತ್ರಾವತಿ. ಘಟ್ಟದ ಮೇಲೆ ಮಳೆ ಹೊಡೆದರೆ ಹೊಳೆ ಏರುತ್ತದೆ. ಅದೇ ಹೊತ್ತಿಗೆ ಕಡಲಿನಲ್ಲಿ ಭರತ (ಉಬ್ಬರ) ಇದ್ದರೆ ಹೊಳೆ ನೀರಿಗೆ ಕಡಲು ಜಾಗ ಕೊಡುವುದಿಲ್ಲ. ಆದ್ದರಿಂದ ಮಗನ ಮನೆ ಸಮುದ್ರದಿಂದ ಎಷ್ಟು ಮೀಟರ್ ಅನ್ನುವುದೊಂದೇ ಸಾಲದು. ನೆಲ ಎಷ್ಟು ಎತ್ತರದಲ್ಲಿದೆ, ಹತ್ತಿರದ ತೋಡು ಎಲ್ಲಿ ಹರಿಯುತ್ತದೆ, ಮನೆಯ ಪಾಯ ರಸ್ತೆಗಿಂತ ಎಷ್ಟು ಮೇಲಿದೆ, ಇದನ್ನೂ ನೋಡಬೇಕು. ಅರ್ಧ ಕಿಲೋಮೀಟರ್ ದೂರದಲ್ಲಿ ತಗ್ಗಿನಲ್ಲಿರುವ ಮನೆಗಿಂತ 300 ಮೀಟರ್ ದೂರದಲ್ಲಿ ದಿಬ್ಬದ ಮೇಲಿರುವ ಮನೆಯೇ ವಾಸಿ. ಇಂಥ ಮನೆಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆಮೇಲೆ ಮನೆ ಎಂಥದ್ದು ಅನ್ನುವುದು. ಉಪ್ಪುಗಾಳಿ ಕಬ್ಬಿಣವನ್ನು ಸುಮ್ಮನೆ ಬಿಡುವುದಿಲ್ಲ. ಸ್ಲ್ಯಾಬಿನೊಳಗಿನ ಸರಳು ತುಕ್ಕು ಹಿಡಿದು ಉಬ್ಬುತ್ತದೆ, ಅಡಿಯ ಸಿಮೆಂಟು ಚಕ್ಕೆ ಚಕ್ಕೆಯಾಗಿ ಬೀಳುತ್ತದೆ. ಮನೆ ಎಷ್ಟು ಹಳೆಯದು ಎಂದು ಫಾರಂನಲ್ಲಿ ಕೇಳುವುದು ಇದಕ್ಕೇ. ತುಕ್ಕಿನಿಂದ ಆದ ಹಾಳಿಗೆ ವಿಮೆ ಬರುವುದಿಲ್ಲ. ಅದು ಸವೆತ. ಇನ್ನೊಂದು, ಟೆರೇಸಿನ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟು ಹಾಕಿಸಿರುತ್ತಾರೆ ಅಲ್ವಾ? ಮಳೆಗೆ ಒಳ್ಳೆಯದೇ. ಗಾಳಿಗೆ ಮೊದಲು ಹಾರುವುದೂ ಅದೇ. ಶೀಟು ಹಿಡಿದಿಡುವ ಬೋಲ್ಟುಗಳು ಕಡಲ ಬದಿಯಲ್ಲಿ ಬೇಗ ತುಕ್ಕು ಹಿಡಿಯುತ್ತವೆ. ಪ್ರತಿ ಬೇಸಿಗೆಯಲ್ಲಿ ಯಾರನ್ನಾದರೂ ಹತ್ತಿಸಿ ನೋಡಿಸಲು ಮಗನಿಗೆ ಹೇಳಿ. ಆ ಶೀಟಿನ ಮಾಡನ್ನೂ ವಿಮಾ ಮೊತ್ತದಲ್ಲಿ ಸೇರಿಸಿ ಬರೆಸಿ.

ಇನ್ನು ನಾನು ಹೇಳಲೇಬೇಕಾದ ಮಾತು. ಮಂಗಳೂರಿನಲ್ಲಿದ್ದಾಗ ಉಳ್ಳಾಲ ಬದಿಯ ಒಂದು ಮನೆ ನೋಡಲು ಹೋಗಿದ್ದೆ. ಹಿಂದಿನ ಕೋಣೆಯ ಪಾಯದ ಅಡಿ ಮರಳೇ ಇರಲಿಲ್ಲ. ಗೋಡೆ ಗಾಳಿಯಲ್ಲಿ ತೂಗುತ್ತಿತ್ತು. ಮನೆಯ ಯಜಮಾನರು ಅಲೆಗಳ ಕಡೆ ಕೈ ತೋರಿಸಿ, “ಅಲ್ಲಿ ನಮ್ಮ ಬಾವಿ ಇತ್ತು, ಅದರಾಚೆ ಎರಡು ಸಾಲು ತೆಂಗು ಇತ್ತು” ಅಂದರು. ನನಗೆ ನೀರು ಬಿಟ್ಟರೆ ಬೇರೇನೂ ಕಾಣಲಿಲ್ಲ. ಪಾಲಿಸಿ ಇತ್ತು, ಪ್ರೀಮಿಯಂ ಒಂದು ದಿನವೂ ತಪ್ಪಿಸಿರಲಿಲ್ಲ. ಆದರೂ ಕ್ಲೇಮ್ ಸಿಗಲಿಲ್ಲ. ಕಾರಣ, ಅದು ಒಂದು ರಾತ್ರಿಯ ಬಿರುಗಾಳಿಗೆ ಆದ ಹಾನಿ ಅಲ್ಲ, ವರ್ಷವರ್ಷವೂ ಆದ ಕಡಲ್ಕೊರೆತ. ಈಗಿನ ಪಾಲಿಸಿಯಲ್ಲೂ ಅದೇ ಮಾತಿದೆ. ನೆಲ ಕುಸಿದರೆ ಕೊಡುತ್ತಾರೆ. ಆದರೆ ಕಡಲು ಅಥವಾ ಹೊಳೆ ದಡ ಕೊರೆದು ನೆಲ ಕುಸಿದಿದ್ದರೆ ಕೊಡುವುದಿಲ್ಲ. ಚಂಡಮಾರುತದ ರಾತ್ರಿ ಅಲೆ ಬಂದು ಗೋಡೆ ಒಡೆದರೆ, ನೆರೆ ನೀರು ಒಳಗೆ ನುಗ್ಗಿದರೆ, ಅದು ಬಿರುಗಾಳಿ ಮತ್ತು ನೆರೆಯ ಲೆಕ್ಕಕ್ಕೆ ಬರುತ್ತದೆ. ಎರಡಕ್ಕೂ ವ್ಯತ್ಯಾಸ ಇಷ್ಟೇ, ಆದರೆ ಎಲ್ಲ ನಿಂತಿರುವುದು ಅದರ ಮೇಲೆ.

ಹಾಗಾಗಿ ಪ್ರತಿ ವರ್ಷ ಮೇ ಕೊನೆಗೆ ಮನೆಯ ನಾಲ್ಕೂ ಬದಿಯ ಫೋಟೋ ತೆಗೆದು ತಾರೀಖಿನ ಜೊತೆ ಇಡಲಿ. ಪಾಯದ ಫೋಟೋ ಮರೆಯುವುದು ಬೇಡ. ಗಾಳಿಗೆ ಮುಂಚೆ ಪಾಯ ಗಟ್ಟಿ ಇತ್ತು ಎಂದು ತೋರಿಸಲು ಅದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ಭರತದ ಗೆರೆಯಿಂದ 500 ಮೀಟರಿನೊಳಗೆ ಕರಾವಳಿ ನಿಯಂತ್ರಣ ವಲಯದ ನಿಯಮ ಇದೆ. ಮನೆ ಅದರೊಳಗೆ ಬರುವಂತಿದೆ. ಕಟ್ಟಿದವರು ಪಡೆದ ಪರವಾನಗಿ ಕಾಗದಗಳ ನಕಲು ಮಗನ ಕೈಯಲ್ಲಿರಲಿ. ಉಳ್ಳಾಲದಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಿಂದ ಕಡಲಿನೊಳಗೆ ಕಲ್ಲಿನ ತಡೆಗಳನ್ನು ಹಾಕಿದ್ದಾರೆ. ಮಗನ ಮನೆಯ ನೇರಕ್ಕೆ ಅದು ಇದೆಯೋ ಇಲ್ಲವೋ ಒಮ್ಮೆ ನಡೆದು ನೋಡಿಕೊಂಡು ಬರಲಿ.

ಪಾಲಿಸಿಯ ಹೆಸರು ‘ಭಾರತ್ ಗೃಹ ರಕ್ಷಾ’ ಇದೆಯಾ ನೋಡಿ. ಬೆಂಕಿ ವಿಮೆ ಮಾರುವ ಸಾಮಾನ್ಯ ವಿಮಾ ಕಂಪನಿಗಳೆಲ್ಲ 2021ರ ಏಪ್ರಿಲ್ 1ರಿಂದ ಇದನ್ನು ಮಾರಬೇಕು ಎಂದು ನಿಯಮ ಬಂತು. ಒಳಗಿನ ಷರತ್ತು ಎಲ್ಲರದೂ ಒಂದೇ, ದರ ಮಾತ್ರ ಬೇರೆ. ಆದ್ದರಿಂದ ಮೂರು ಕಡೆ ಕೇಳಿದರೆ ನಷ್ಟವಿಲ್ಲ. ಮನೆಯ ಸಾಮಾನಿಗೆ ಕಟ್ಟಡದ ಮೊತ್ತದ ಶೇ. 20ರಷ್ಟು, ಹೆಚ್ಚೆಂದರೆ 10 ಲಕ್ಷದವರೆಗೆ, ರಕ್ಷಣೆ ತಾನಾಗಿಯೇ ಬರುತ್ತದೆ. 35 ಲಕ್ಷಕ್ಕೆ 7 ಲಕ್ಷ ಆಯಿತು. ಅದಕ್ಕೆ ಬೇರೆ ಪಾಲಿಸಿ ಮಾರಲು ಬಂದರೆ ಅವಸರ ಮಾಡಬೇಡಿ. 10 ವರ್ಷದವರೆಗೂ ಒಟ್ಟಿಗೆ ತೆಗೆದುಕೊಳ್ಳಬಹುದು. ಆಗ ಕಟ್ಟಡದ ವಿಮಾ ಮೊತ್ತ ವರ್ಷಕ್ಕೆ ಶೇ. 10ರಂತೆ ಏರುತ್ತಾ ಹೋಗುತ್ತದೆ, ಅದಕ್ಕೆ ಮತ್ತೆ ದುಡ್ಡು ಕಟ್ಟಬೇಕಿಲ್ಲ. ಸಿಮೆಂಟು, ಕಬ್ಬಿಣ, ಕೂಲಿ ಏರುವುದನ್ನು ನೋಡಿದರೆ ಇದು ನಿಜಕ್ಕೂ ಒಳ್ಳೆಯ ಅನುಕೂಲ.

ಪ್ರಶ್ನೆ: ಅಕ್ಕಾ, ಹೋದ ವರ್ಷ ಹೊಸ ಮನೆ ಕಟ್ಟಿಸಿದೆವು. ಗುಡ್ಡದ ಜಾಗ. ಜೆಸಿಬಿ ತರಿಸಿ ಹಿಂದೆ ಕಡಿದು ಮುಂದೆ ತುಂಬಿ ಸಮ ಮಾಡಿಸಿದೆವು. ಈಗ ಹಿಂದೆ 18 ಅಡಿ ಧರೆ ನಿಂತಿದೆ. ಮಳೆ ಹೊಡೆದ ರಾತ್ರಿ ನಿದ್ದೆ ಬರುವುದಿಲ್ಲ. ಏಜೆಂಟರು ಭೂಕುಸಿತ ಪಾಲಿಸಿಯಲ್ಲೇ ಸೇರಿದೆ, ಹೆದರಬೇಡಿ ಅನ್ನುತ್ತಾರೆ. ನಮ್ಮ ಭಾವ ಮಾತ್ರ ಒಂದು ಪೈಸೆಯೂ ಬರುವುದಿಲ್ಲ ಅನ್ನುತ್ತಾರೆ. ಯಾರ ಮಾತು ನಂಬಲಿ?
– ಸಹೋದರಿಯೊಬ್ಬರು, ಹೊಸನಗರ ತಾಲ್ಲೂಕು

ಉತ್ತರ: ತಂಗೀ, ಇಬ್ಬರ ಮಾತಿನಲ್ಲೂ ಅರ್ಧರ್ಧ ನಿಜ ಇದೆ. ಭೂಕುಸಿತ, ಬಂಡೆ ಉರುಳುವುದು, ಮನೆ ನಿಂತ ನೆಲ ಕುಸಿಯುವುದು, ಮೂರೂ ಪಾಲಿಸಿಯಲ್ಲಿ ಸೇರಿವೆ. ಬೇರೆ ಪ್ರೀಮಿಯಂ ಬೇಡ. ಆದರೆ ಮೇಲಿನ ಉತ್ತರದಲ್ಲಿ ಮೇಷ್ಟ್ರಿಗೆ ಕಡಲ್ಕೊರೆತದ ಷರತ್ತು ಹೇಳಿದೆನಲ್ಲ, ಅದೇ ಪಟ್ಟಿಯಲ್ಲಿ ನಿಮ್ಮ ಮನೆಯ ವಿಚಾರವೂ ಇದೆ. ತುಂಬಿದ ಮಣ್ಣು ಕೂತರೆ ಅಥವಾ ಜಾರಿದರೆ ಕೊಡುವುದಿಲ್ಲ. ಹೊಸ ಮನೆ ಸ್ವಲ್ಪ ಕೂತು ಬಿರುಕು ಬಿಟ್ಟರೆ ಕೊಡುವುದಿಲ್ಲ. ಮಣ್ಣು ಅಗೆದ ಕೆಲಸದಿಂದ ಕುಸಿತ ಆದರೆ ಕೊಡುವುದಿಲ್ಲ. ವಿನ್ಯಾಸ ಅಥವಾ ಕೆಲಸ ಸರಿಯಿಲ್ಲದೆ ಕುಸಿದರೂ ಕೊಡುವುದಿಲ್ಲ. ಕರಾವಳಿಯವರಿಗೆ ಕಡಲು ಹೇಗೋ ಮಲೆನಾಡಿನವರಿಗೆ ಜೆಸಿಬಿ ಹಾಗೆ. ಮುಂದೆ ತುಂಬಿದ ಅಂಗಳ, ಹಿಂದೆ ಕಡಿದ ಧರೆ. ಎರಡೂ ಆ ಪಟ್ಟಿಗೆ ಸಿಕ್ಕಿಬೀಳುತ್ತವೆ.

ಇದನ್ನು ಬರೆಯುವಾಗ ನನಗೆ ನನ್ನ ತವರುಮನೆ ನೆನಪಾಗುತ್ತದೆ. ತೀರ್ಥಹಳ್ಳಿ ತಾಲ್ಲೂಕಿನಲ್ಲೇ ಇದೆ. 2019ರ ಬೇಸಿಗೆಯಲ್ಲಿ ಅಣ್ಣ ಕಾರು ತಿರುಗಿಸಲು ಜಾಗ ಬೇಕೆಂದು ಹಿತ್ತಲ ಬದಿಯ ಧರೆಯನ್ನು ಇನ್ನೂ ಆರಡಿ ಒಳಗೆ ಕಡಿಸಿದ. ಆಗಸ್ಟಿನಲ್ಲಿ ನಾಲ್ಕು ದಿನ ಬಿಡದೆ ಮಳೆ ಹೊಡೆಯಿತು. ಒಂದು ಬೆಳಗಿನ ಜಾವ ಧರೆ ಜರಿದು ಬಚ್ಚಲುಮನೆಯ ಮೇಲೆ ಬಂತು. ಅಮ್ಮ ನೀರೊಲೆಗೆ ಬೆಂಕಿ ಹಾಕಿ ಆಗಷ್ಟೇ ಒಳಗೆ ಬಂದಿದ್ದಳು. ಅಜ್ಜಿಯ ಕಾಲದ ತಾಮ್ರದ ಹಂಡೆ ಮಣ್ಣಿನಡಿ ಹೋಯಿತು, ಅಡುಗೆಮನೆಯ ಗೋಡೆ ಬಿರಿಯಿತು. ಹಾನಿ ನೋಡಲು ವಿಮಾ ಕಂಪನಿ ಕಳಿಸಿದ ಸರ್ವೇಯರ್ ಧರೆಯಲ್ಲಿ ಜೆಸಿಬಿ ಹಲ್ಲಿನ ಗುರುತು ನೋಡಿದರು. ಕ್ಲೇಮ್ ಆಗಲಿಲ್ಲ. ನಾನು ಅಷ್ಟು ವರ್ಷ ಅದೇ ಕೆಲಸದಲ್ಲಿದ್ದೆ. ಅಣ್ಣನ ಪಾಲಿಸಿ ಓದಿ ಒಂದು ಮಾತು ಹೇಳಬಹುದಿತ್ತು. ಹೇಳಿರಲಿಲ್ಲ. ಆ ನೋವು ಇವತ್ತಿಗೂ ಹೋಗಿಲ್ಲ. ಅದಕ್ಕೇ ನಿಮಗೆ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಈಗ ಏನು ಮಾಡಬಹುದು? ಮೊದಲನೆಯದಾಗಿ ಒಬ್ಬ ಸಿವಿಲ್ ಎಂಜಿನಿಯರನ್ನು ಕರೆಸಿ ಧರೆ ತೋರಿಸಿ, ಬರಹದಲ್ಲಿ ಸಲಹೆ ಪಡೆಯಿರಿ. ನಮ್ಮ ಕಡೆ ಮೇಲೆ ಜಂಬಿಟ್ಟಿಗೆ, ಅದರ ಕೆಳಗೆ ಶೇಡಿ ಮಣ್ಣು ಇರುವುದು ಹೆಚ್ಚು. ಜಂಬಿಟ್ಟಿಗೆ ಗಟ್ಟಿಯಾಗಿ ಕಾಣುತ್ತದೆ. ಆದರೆ ಕೆಳಗಿನ ಶೇಡಿ ನೀರು ಕುಡಿದರೆ ಸೋಪಿನ ಹಾಗೆ ಜಾರುತ್ತದೆ. 18 ಅಡಿಯನ್ನು ಒಂದೇ ನೇರಕ್ಕೆ ನಿಲ್ಲಿಸದೆ ಮೆಟ್ಟಿಲು ಮೆಟ್ಟಿಲಾಗಿ ಕಡಿಯಬೇಕಾ, ಕಲ್ಲಿನ ತಡೆಗೋಡೆ ಕಟ್ಟಬೇಕಾ, ಅದನ್ನು ಅವರು ಹೇಳುತ್ತಾರೆ. ತಡೆಗೋಡೆ ಕಟ್ಟಿದರೆ ಅದರಲ್ಲಿ ನೀರು ಬಸಿಯಲು ಪೈಪು ಬಿಡಿಸಲೇಬೇಕು. ಧರೆಯ ಮೇಲ್ಗಡೆ ಅಗಳು ತೆಗೆದು ಗುಡ್ಡದ ನೀರನ್ನು ಪಕ್ಕಕ್ಕೆ ತಿರುಗಿಸಿ. ಇಂಗುಗುಂಡಿ ಒಳ್ಳೆಯದು ಎಂದು ಧರೆಯ ನೆತ್ತಿಯಲ್ಲೇ ತೋಡಿದವರನ್ನು ನೋಡಿದ್ದೇನೆ. ದಯವಿಟ್ಟು ಅಲ್ಲಿ ಬೇಡ. ತೋಟದಲ್ಲಿ ಎಲ್ಲಿ ಬೇಕಾದರೂ ಮಾಡಿ.

ಎಂಜಿನಿಯರ್ ಕೊಟ್ಟ ಕಾಗದ, ಗೋಡೆ ಕಟ್ಟಿದ ಬಿಲ್ಲು, ಫೋಟೋ ಎಲ್ಲ ಜೋಪಾನವಾಗಿಡಿ. ಮುಂದೆ ಮೇಲಿನ ಗುಡ್ಡವೇ ಜರಿದು ಬಂದರೆ, ಅದು ನಿಮ್ಮ ಕೆಲಸದ ತಪ್ಪಿನಿಂದ ಆದದ್ದಲ್ಲ ಎಂದು ತೋರಿಸಲು ಬೇಕಾಗುತ್ತದೆ. ತಡೆಗೋಡೆಯೂ ಮನೆ ಕಟ್ಟಡದ ಭಾಗ ಎಂದು ಪಾಲಿಸಿಯಲ್ಲಿದೆ. ಅದರ ಖರ್ಚನ್ನು ವಿಮಾ ಮೊತ್ತಕ್ಕೆ ಸೇರಿಸಿ. ಪ್ರೀಮಿಯಂ ಸ್ವಲ್ಪ ಏರುತ್ತದೆ, ಏರಲಿ.

ಒಂದು ಮಾತು ವಿಮೆಗೆ ಸೇರಿದ್ದಲ್ಲ. ಧರೆಯ ನೆತ್ತಿಯಲ್ಲಿ ಉದ್ದಕ್ಕೆ ಬಿರುಕು ಕಂಡರೆ, ಅಲ್ಲಿನ ಮರಗಳು ಮನೆ ಕಡೆ ವಾಲಿದ್ದರೆ, ಬುಡದಲ್ಲಿ ಒಸರುವ ನೀರು ಇದ್ದಕ್ಕಿದ್ದ ಹಾಗೆ ಕೆಂಪಾದರೆ, ಆ ರಾತ್ರಿ ಹಿಂದಿನ ಕೋಣೆಯಲ್ಲಿ ಮಲಗಬೇಡಿ. ಮಕ್ಕಳನ್ನು ಕರೆದುಕೊಂಡು ನೆಂಟರ ಮನೆಗೆ ಹೋಗಿ. 2024ರ ಜುಲೈಯಲ್ಲಿ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಬದಿಯ ಗುಡ್ಡ ಜರಿದದ್ದು ನಿಮಗೂ ನೆನಪಿರಬೇಕು.

ಪ್ರಶ್ನೆ: ನಮ್ಮ ಮನೆ ಶಿವಮೊಗ್ಗದಲ್ಲಿ ತುಂಗಾ ನದಿಗೆ ಹತ್ತಿರದ ತಗ್ಗಿನ ಬಡಾವಣೆಯಲ್ಲಿದೆ. 2019ರಲ್ಲಿ ಸೊಂಟದವರೆಗೆ ನೀರು ಬಂದಿತ್ತು. ಈಗ ವಿಮೆ ಮಾಡಿಸುವಾಗ ಹಳೆಯ ನೆರೆಯ ವಿಚಾರ ಬರೆಯಬೇಡಿ, ಬರೆದರೆ ದರ ಜಾಸ್ತಿ ಹಾಕುತ್ತಾರೆ ಎಂದು ಮಾಡಿಸಲು ಬಂದವರೇ ಹೇಳಿದರು. ಏನು ಮಾಡಲಿ?
– ಓದುಗರು, ಶಿವಮೊಗ್ಗ

ಉತ್ತರ: ಬರೆಯಿರಿ. ಯಾರು ಏನೇ ಹೇಳಲಿ, ಬರೆಯಿರಿ.

ಆ ಆಗಸ್ಟಿನಲ್ಲಿ ನಾನೂ ಇದೇ ಊರಿನಲ್ಲಿದ್ದೆ. ಕೋರ್ಪಲಯ್ಯನ ಛತ್ರದ ಹತ್ತಿರದ ಮಂಟಪ ಮುಳುಗಿತಂತೆ ಎಂದು ಜನ ನೋಡಲು ಹೋಗುತ್ತಿದ್ದರು. ಗಾಜನೂರು ಅಣೆಕಟ್ಟೆಯಿಂದ ಬಿಟ್ಟ ನೀರು ಬಡಾವಣೆಗಳಿಗೆ ನುಗ್ಗಿತು. ಯಾವ ಬೀದಿಗೆ ನೀರು ಬಂತು ಎಂದು ಪತ್ರಿಕೆಗಳಲ್ಲಿದೆ, ಪಾಲಿಕೆಯ ಪರಿಹಾರದ ಪಟ್ಟಿಯಲ್ಲಿದೆ, ಜನರ ಫೋನುಗಳಲ್ಲಿದೆ. ನಾಳೆ ಮತ್ತೆ ನೀರು ಬಂದರೆ ಸರ್ವೇಯರ್ ಗೋಡೆ ನೋಡುತ್ತಾರೆ. ಹಳೆಯ ನೀರಿನ ಗೆರೆ ಸುಣ್ಣದಡಿ ಮುಚ್ಚಿದ್ದರೂ ಕಾಣುತ್ತದೆ. ಕೇಳಿದ ಪ್ರಶ್ನೆಗೆ ಸುಳ್ಳು ಉತ್ತರ ಬರೆದಿದ್ದಾರೆ ಎಂದಾದರೆ ಕ್ಲೇಮ್ ಅಲ್ಲಿಗೇ ನಿಲ್ಲುತ್ತದೆ. ನಿಲ್ಲಿಸುವಾಗ ಬರೆಯಬೇಡಿ ಅಂದವರು ನಿಮ್ಮ ಪಕ್ಕ ಇರುವುದಿಲ್ಲ. ಸಹಿ ನಿಮ್ಮದು.

ದರ ಏರಬಹುದು, ನಿಜ. ಒಂದು ಕಂಪನಿ ಆಗುವುದಿಲ್ಲ ಎಂದರೆ ಇನ್ನೊಂದನ್ನು ಕೇಳಿ. ಕೇಳುವಾಗ ನೀವು ಮಾಡಿಕೊಂಡ ರಿಪೇರಿಯನ್ನೂ ಹೇಳಿ. ಆ ನೆರೆಯ ನಂತರ ಹೊಸ್ತಿಲು ಏರಿಸಿದ್ದೀರಾ? ಮೀಟರ್ ಬೋರ್ಡು, ಸ್ವಿಚ್ಚುಗಳನ್ನು ನೀರು ಬಂದ ಮಟ್ಟಕ್ಕಿಂತ ಮೇಲೆ ಹಾಕಿಸಿದ್ದೀರಾ? ಯುಪಿಎಸ್ ಬ್ಯಾಟರಿ ಅಟ್ಟಕ್ಕೆ ಹೋಯಿತಾ? ಇಲ್ಲವಾದರೆ ಈ ಮಳೆಗಾಲದೊಳಗೆ ಮಾಡಿಸಿ. ಪಾಲಿಸಿಯಲ್ಲಿ ಇನ್ನೊಂದು ಉಪಕಾರ ಇದೆ, ಬಹಳ ಜನ ಕೇಳುವುದೇ ಇಲ್ಲ. ನೆರೆಯಿಂದ ಮನೆ ವಾಸಕ್ಕೆ ಯೋಗ್ಯ ಇಲ್ಲದಂತಾದರೆ, ರಿಪೇರಿ ಆಗುವವರೆಗೆ ಬೇರೆ ಮನೆಗೆ ಕೊಡುವ ಬಾಡಿಗೆಯನ್ನೂ ಕೇಳಬಹುದು. ಬಾಡಿಗೆ ರಸೀದಿ ಇಟ್ಟುಕೊಳ್ಳಿ.

ಪ್ರಶ್ನೆ: ಮಗಳು ಅಳಿಯ ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿದ್ದಾರೆ. ಸಮುದ್ರದ ಹತ್ತಿರದ ಬಡಾವಣೆಯಲ್ಲಿ ಹಳೆ ಮರದ ಮನೆ ಕೊಂಡಿದ್ದಾರೆ. ವಿಮೆಗೆ ವರ್ಷಕ್ಕೆ ಅವರು ಕಟ್ಟುವುದನ್ನು ಕೇಳಿ ನನಗೆ ಎದೆ ಧಸಕ್ಕೆಂದಿತು. ಯಾರಾದರೂ ಮೋಸ ಮಾಡುತ್ತಿದ್ದಾರಾ?
– ತಾಯಿಯೊಬ್ಬರು, ಸಾಗರ

ಉತ್ತರ: ಅಮ್ಮಾ, ಅಲ್ಲಿ ದರ ಹಾಕುವ ರೀತಿಯೇ ಬೇರೆ. ಒಂದೊಂದು ವಿಳಾಸಕ್ಕೆ ಒಂದೊಂದು ದರ. ನೆರೆಯ ನಕ್ಷೆ ಇಟ್ಟುಕೊಂಡು ಮನೆ ಸಂಖ್ಯೆ ಹಾಕಿದರೆ ನೀರು ಬರುವ ಸಂಭವ ಎಷ್ಟು ಎಂದು ತೋರುತ್ತದೆ. ಒಂದೇ ಬೀದಿಯ ತಗ್ಗಿನ ಮನೆಗೂ ದಿಬ್ಬದ ಮನೆಗೂ ಬಹಳ ವ್ಯತ್ಯಾಸ ಬರುತ್ತದೆ. 2022ರ ಫೆಬ್ರವರಿ ಕೊನೆಗೆ ಬ್ರಿಸ್ಬೇನಿನಲ್ಲಿ ದೊಡ್ಡ ನೆರೆ ಬಂತು. 2025ರ ಮಾರ್ಚಿನಲ್ಲಿ ಆಲ್ಫ್ರೆಡ್ ಚಂಡಮಾರುತ ಅದೇ ಕಡೆಗೆ ಬಂತು. ಅಲ್ಲಿ ಬಡಗಿ, ಗಾರೆಯವರ ಕೂಲಿಯೂ ದುಬಾರಿ. ಹಳೆ ಮನೆಯ ಗೋಡೆಗಳಲ್ಲಿ ಆಸ್ಬೆಸ್ಟಾಸ್ ಹಲಗೆ ಇದ್ದರೆ ಅದನ್ನು ಎಚ್ಚರದಿಂದ ತೆಗೆಯುವ ಖರ್ಚೂ ಸೇರುತ್ತದೆ. ಮತ್ತೆ ಕಟ್ಟುವ ಖರ್ಚು ಏರಿದಷ್ಟೂ ಪ್ರೀಮಿಯಂ ಏರುತ್ತದೆ. ಇದರಲ್ಲಿ ಮೋಸವೇನೂ ಇಲ್ಲ.

ಚಂಡಮಾರುತದ ಹೊರೆ ಇಳಿಸಲು ಅಲ್ಲಿನ ಸರ್ಕಾರವೇ 2022ರ ಜುಲೈಯಿಂದ ವಿಮಾ ಕಂಪನಿಗಳ ಬೆನ್ನಿಗೆ ಒಂದು ನಿಧಿ ನಿಲ್ಲಿಸಿದೆ. ಮಗಳಿಗೆ ಎರಡು ಮಾತು ಹೇಳಿ. ಚಿಕ್ಕ ಹಾನಿಯನ್ನು ತಾವೇ ಭರಿಸುತ್ತೇವೆ ಎಂದು ಆ ಮೊತ್ತವನ್ನು ಏರಿಸಿದರೆ ಪ್ರೀಮಿಯಂ ಇಳಿಯುತ್ತದೆ, ಅಲ್ಲಿ ಅದು ಸಾಮಾನ್ಯ ರೂಢಿ. ಎರಡನೆಯದು, ಸಮುದ್ರದ ಅಲೆ ಮತ್ತು ಕೊರೆತದ ಬಗ್ಗೆ ಪಾಲಿಸಿಯಲ್ಲಿ ಏನಿದೆ ಎಂದು ಓದಲಿ. ಅಲ್ಲೂ ಎಷ್ಟೋ ಪಾಲಿಸಿಗಳಲ್ಲಿ ಕಡಲಿನ ಹಾನಿಯನ್ನು ಹೊರಗಿಟ್ಟಿರುತ್ತಾರೆ.

ಪ್ರಶ್ನೆ: ನಮ್ಮದು ಹಳೇ ಮಣ್ಣಿನ ಗೋಡೆಯ ಹಂಚಿನ ಮನೆ. ಅಟ್ಟದಲ್ಲಿ ಅಡಿಕೆ ಮೂಟೆ ಇಟ್ಟಿದ್ದೇವೆ. ಪಕ್ಕದಲ್ಲಿ ಸೋಗೆ ಹೊದಿಸಿದ ಕೊಟ್ಟಿಗೆ ಇದೆ. ಒಂದೇ ಪಾಲಿಸಿಯಲ್ಲಿ ಎಲ್ಲವೂ ಬರುತ್ತದಾ?
– ಕೃಷಿಕರು, ಕೊಪ್ಪ

ಉತ್ತರ: ಎಲ್ಲವೂ ಬರುವುದಿಲ್ಲ. ಹಂಚಿನ ಮನೆಗೆ ವಿಮೆ ಕೇಳಬಹುದು. ಗೋಡೆ ಮಣ್ಣಿನದು, ಇಷ್ಟು ವರ್ಷ ಹಳೆಯದು ಎಂದು ಇದ್ದ ಹಾಗೇ ಬರೆಯಿರಿ. ಸೋಗೆ, ಹುಲ್ಲು, ಹಲಗೆ, ಟಾರ್ಪಾಲಿನ ಮಾಡು ಕಚ್ಚಾ ಕಟ್ಟಡದ ಲೆಕ್ಕ. ಅದಕ್ಕೆ ದರವೂ ಬೇರೆ, ಷರತ್ತೂ ಬೇರೆ. ಹಾಗಾಗಿ ಕೊಟ್ಟಿಗೆಯನ್ನು ಮನೆಯ ಜೊತೆ ಸೇರಿಸಿ ಬರೆಸಬೇಡಿ. ಕೊಟ್ಟಿಗೆ ಮನೆಯ ಗೋಡೆಗೇ ಅಂಟಿಕೊಂಡಿದ್ದರೆ ಅದನ್ನೂ ತಿಳಿಸಿ. ಸೋಗೆಗೆ ಕಿಡಿ ಬಿದ್ದರೆ ಮನೆಗೂ ಅಪಾಯ, ದರ ಹಾಕುವವರು ಅದನ್ನು ನೋಡುತ್ತಾರೆ.

ಅಡಿಕೆ ಮೂಟೆ ಮಾತ್ರ ಮನೆ ಸಾಮಾನು ಅಲ್ಲ. ಮಾರಾಟದ ಮಾಲು. ಮಂಚ, ಬೀರು, ಫ್ರಿಜ್ಜಿಗೆ ಸಿಗುವ ರಕ್ಷಣೆ ಅದಕ್ಕೆ ಸಿಗುವುದಿಲ್ಲ. ಬೆಲೆ ಏರಲಿ ಎಂದು ವರ್ಷಗಟ್ಟಲೆ ಅಟ್ಟದಲ್ಲಿಡುವವರು ನಮ್ಮಲ್ಲಿ ಎಷ್ಟೋ ಮಂದಿ. ಆ ಅಟ್ಟದ ಮೇಲಿರುವುದು ಕೆಳಗಿನ ಮನೆಗಿಂತ ಬೆಲೆಬಾಳಬಹುದು. ಅದಕ್ಕೆ ದಾಸ್ತಾನು ವಿಮೆ ಎಂದು ಪ್ರತ್ಯೇಕ ಕೇಳಿ. ನೀವು ಅಡಿಕೆ ಕೊಡುವ ಸಹಕಾರ ಸಂಘದ ಗೋದಾಮಿನಲ್ಲಿ ಇಟ್ಟರೆ ಅಲ್ಲಿ ವಿಮೆ ಇದೆಯಾ, ಯಾರ ಹೆಸರಿನಲ್ಲಿದೆ, ಎಷ್ಟಕ್ಕಿದೆ ಎಂದೂ ವಿಚಾರಿಸಿ. ಮೂಟೆ ಎಷ್ಟು, ತೂಕ ಎಷ್ಟು, ಯಾವ ತಾರೀಖಿಗೆ ಅಟ್ಟಕ್ಕೆ ಹೋಯಿತು, ಇದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಆ ನೋಟ್‌ಬುಕ್ಕನ್ನು ಅದೇ ಅಟ್ಟದಲ್ಲಿ ಇಡಬೇಡಿ.